ಮೂವತ್ತು ದಾಟದ ಗೌಡ್ರು

ಟಿವಿಎಸ್ ಗೌಡ್ರು ಇಲ್ಲದ ಊರು ಮಂಡ್ಯ ಜಿಲ್ಲೆಯಲ್ಲಿ ಹುಡುಕಿದರೂ ಸಿಗದು. ಮದ್ದೂರು ಕಡೆಯವರಾದರೆ ಮೊಪೆಡ್ಡಿನ ಎರಡೂ ಪಕ್ಕ ಎಳನೀರಿನ ಗೊನೆ ತೂಗುತ್ತಿರುತ್ತವೆ. ಪಾಂಡವಪುರದ ಕಡೆಯವರಾದರೆ ಹಿಂದುಗಡೆ ಕಬ್ಬಿನ ಸೋಗೆಯ ಹೊರೆ. ಬೆಳಗ್ಗೆ ಆರೂವರೆ ಹೊತ್ತಿಗೆ ಯಾವ ಕಡೆಯವರಾದರೂ ಸರಿ, ಕಾಲ ನಡುವೆ ಡೈರಿಗೆ ಹೊರಟ ಹಾಲಿನ ಕ್ಯಾನು. ಮೈಮೇಲೆ ಅರ್ಧ ತೋಳಿನ ಬಿಳಿ ಅಂಗಿ, ಪಟ್ಟೆಪಟ್ಟೆ ಚಡ್ಡಿ ಕಾಣುವಷ್ಟು ಎತ್ತಿ ಕಟ್ಟಿದ ಪಂಚೆ, ಹವಾಯಿ ಚಪ್ಪಲಿ, ತಲೆಗೆ ಸುತ್ತಿದ ಟವೆಲ್ಲು. ಆ ಟವೆಲ್ಲಿನ ಸುತ್ತಿನೊಳಗೆ, ಕಿವಿಗೆ ಒತ್ತಿಕೊಂಡು, ಮೊಬೈಲು. ಎರಡೂ ಕೈ ಹ್ಯಾಂಡಲ್ ಮೇಲಿರುವುದರಿಂದ ಇದು ಫೋನಿನಲ್ಲಿ ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಗೌಡ್ರ ತೀರ್ಪು.

ಜಿಲ್ಲೆಯಲ್ಲೇ ಇವರಷ್ಟು ಜಾಗರೂಕ ಸವಾರ ಇಲ್ಲವೆಂದು ಹೆಸರು. ಆ ಹೆಸರು ಕೊಟ್ಟವರು ಸ್ವತಃ ಗೌಡ್ರೇ. "ನಲವತ್ತು ವರ್ಸದಿಂದ ಓಡುಸ್ತಾ ಇವ್ನಿ. ಒಂದಿನ ಬಿದ್ದೋನಲ್ಲ, ಒಬ್ಬುನ್ನ ಬೀಳ್ಸುದೋನಲ್ಲ." ಮೊದಲಿನ ಮಾತು ನಿಜವಿರಬಹುದು. ಎರಡನೆಯದಕ್ಕೆ ಸಾಕ್ಷಿ ಸಾಲದು. ಗೌಡ್ರಿಂದ ರಸ್ತೆಯಲ್ಲಿ ಏನೇ ಆದರೂ ಅವರ ಬೆನ್ನ ಹಿಂದೆ ಆಗುತ್ತದೆ, ಮೊಪೆಡ್ಡಿಗೆ ಕನ್ನಡಿ ಇಲ್ಲ.

ಇರಲಿಲ್ಲವೆಂದಲ್ಲ. ಷೋರೂಮಿನವರು ಎರಡು ಕೊಟ್ಟಿದ್ದರು. ಹುಲ್ಲಿನ ಹೊರೆಗೆ ಅಡ್ಡ ಬರುತ್ತವೆಂದು ಗಾಡಿ ಮನೆಗೆ ಬಂದ ದಿನವೇ ಬಿಚ್ಚಿದರು. ಎಡಗಡೆಯದು ಬಚ್ಚಲಿನ ಗೋಡೆ ಸೇರಿ ಗೌಡ್ರ ಗಡ್ಡ ನೋಡಿಕೊಳ್ಳುತ್ತಿದೆ, ಬಲಗಡೆಯದರಲ್ಲಿ ಮೊಮ್ಮಗಳು ಬೊಟ್ಟು ಇಟ್ಟುಕೊಳ್ಳುತ್ತಾಳೆ. "ಹಿಂದೆ ಬರೋನಿಗೆ ಕಣ್ಣಿಲ್ವಾ? ಅವ್ನು ನೋಡ್ಕಂಡು ಬತ್ತಾನೆ" ಎಂದರೆ ಮುಗಿಯಿತು. ಗೌಡ್ರ ಸುರಕ್ಷತೆಯ ಶಾಸ್ತ್ರವೆಲ್ಲ ಈ ಮಾತಿನಲ್ಲೇ ಇದೆ. ಹಿಂದಿನ ಅಪಾಯ ಹಿಂದೆ ಬರುವವರ ಖಾತೆಗೆ, ಎದುರಿನದು ಎದುರು ಬರುವವರ ಖಾತೆಗೆ, ಇವೆರಡರಲ್ಲೂ ಸೇರದೆ ಉಳಿದದ್ದು ಊರ ಮಾರಮ್ಮನ ಖಾತೆಗೆ. ಗೌಡ್ರ ಪಾಲಿಗೆ ಬರುವುದು ಆಕ್ಸಿಲೇಟರ್ ಒಂದೇ. ಅದನ್ನು ಅವರು ಬಹಳ ನಿಷ್ಠೆಯಿಂದ ನಿಭಾಯಿಸುತ್ತಾರೆ, ಮುಳ್ಳು ಮೂವತ್ತು ದಾಟುವುದಿಲ್ಲ. ಮುಳ್ಳು ಕೆಟ್ಟು ಬಹಳ ಕಾಲವಾಯಿತು, ಆ ಮಾತು ಬೇರೆ.

ಈ ಮೂವತ್ತಕ್ಕೆ ಒಂದು ಹಿನ್ನೆಲೆ ಇದೆ. ಪುಣೆಯ ಕೈನೆಟಿಕ್‌ನವರು 1972ರಲ್ಲಿ ಲೂನಾ ತಂದಾಗ ಅದು ಪೇಟೆಯವರ ಗಾಡಿ, ಮೇಷ್ಟ್ರು, ಪೋಸ್ಟ್ ಮಾಸ್ತರು ಹತ್ತುವಂಥದ್ದು. 1980ರಲ್ಲಿ ಅತ್ತಿಬೆಲೆಯಾಚೆಯ ಹೊಸೂರಿನಿಂದ ಟಿವಿಎಸ್ ಫಿಫ್ಟಿ ಬಂತು. ಇಬ್ಬರು ಕೂರಬಹುದಾದ ಮೊಪೆಡ್ಡು ಎಂದು ಕಂಪನಿ ಹೇಳಿತು. ನಮ್ಮ ಕಡೆಯವರು ಆ ಮಾತನ್ನು ಇಬ್ಬರು, ಒಂದು ಮೂಟೆ ಮತ್ತು ಒಂದು ಕುರಿಮರಿ ಎಂದು ಓದಿಕೊಂಡರು. ಗೌಡ್ರು ಕಲಿತದ್ದು ಅದರ ಮೇಲೆ. ಪೆಡಲು ತುಳಿದು ಸ್ಟಾರ್ಟ್ ಮಾಡಬೇಕು, ದಿಬ್ಬ ಬಂದರೆ ಮತ್ತೆ ತುಳಿಯಬೇಕು, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಿಸಬೇಕು. ಆ ಗಾಡಿಯಲ್ಲಿ ಮೂವತ್ತು ಮುಟ್ಟುವುದೇ ಒಂದು ಪೌರುಷವಾಗಿತ್ತು. ಈಗಿರುವುದು 99.7 ಸಿ.ಸಿ.ಯ ಎಕ್ಸೆಲ್, ಅರವತ್ತರ ಹತ್ತಿರ ಓಡಬಲ್ಲದು. ಗಾಡಿ ಬದಲಾಯಿತು, ಗೌಡ್ರ ಮುಂಗೈ ಬದಲಾಗಲಿಲ್ಲ.

ನಿಧಾನದ ವಿಷಯದಲ್ಲಿ ಗೌಡ್ರನ್ನು ಪೂರ್ತಿ ನಗಾಡುವ ಹಾಗೂ ಇಲ್ಲ. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಎಂಟು ಮೀಟರಿನಷ್ಟು. ನಾಯಿ ಅಡ್ಡ ಬಂದದ್ದು ಕಣ್ಣಿಗೆ ಬಿದ್ದು ಕೈ ಬ್ರೇಕು ಹಿಡಿಯುವಷ್ಟರಲ್ಲಿ ಗಾಡಿ ಅಷ್ಟು ದೂರ ಹೋಗಿರುತ್ತದೆ. ಅರವತ್ತರಲ್ಲಿ ಅದರ ಎರಡರಷ್ಟು ಹೋಗಿರುತ್ತದೆ, ಬಿದ್ದರೆ ಪೆಟ್ಟಿನ ಶಕ್ತಿ ನಾಲ್ಕರಷ್ಟು. ಇದನ್ನು ಶಾಲೆಯಲ್ಲಿ ಓದಿದ ಹುಡುಗರು ನೂರರಲ್ಲಿ ಹೋಗುತ್ತಾರೆ, ಓದದ ಗೌಡ್ರು ಮೂವತ್ತರಲ್ಲಿ ಬರುತ್ತಾರೆ.

ತೊಂದರೆ ಇರುವುದು ಅವರು ಬರುವ ಜಾಗದಲ್ಲಿ. ಅಂಚಿನಲ್ಲಿ ಗುಂಡಿ, ಜಲ್ಲಿ, ಎಮ್ಮೆ, ಕೆಸರು ಇರುತ್ತವೆಂದು ಗೌಡ್ರು ರಸ್ತೆಯ ಬಿಳಿಗೆರೆಯನ್ನೇ ಹಿಡಿದು ಸಾಗುತ್ತಾರೆ. ಹಿಂದಿನಿಂದ ಎಂಬತ್ತರಲ್ಲಿ ಬರುವ ಕಾರು ಅವರನ್ನು ಸೆಕೆಂಡಿಗೆ ಹದಿನಾಲ್ಕು ಮೀಟರಿನಂತೆ ಸಮೀಪಿಸುತ್ತಿರುತ್ತದೆ. ಕಾರಿನವನು ಹಾರನ್ ಮಾಡಿದರೆ ಗೌಡ್ರು ಸರಿಯುವುದಿಲ್ಲ. ಯಾರೋ ಪರಿಚಯದವರು ಕರೆದರೆಂದು ಕೈ ಎತ್ತುತ್ತಾರೆ.

ಆ ಕೈಯ ಬಗ್ಗೆ ಒಂದು ಮಾತು ಹೇಳಲೇಬೇಕು. ಗಾಡಿಯ ಎಡಗಡೆ ಇಂಡಿಕೇಟರ್ ಹೋದ ಯುಗಾದಿಯಿಂದ ಮಿನುಗುತ್ತಲೇ ಇದೆ. ಅದನ್ನು ಗೌಡ್ರು ಅಲಂಕಾರದ ದೀಪವೆಂದು ಬಗೆದಿದ್ದಾರೆ. ಸೂಚನೆ ಕೊಡುವುದು ಕೈಯಲ್ಲೇ. ಬಲಗೈ ಚಾಚಿದರೆಂದರೆ ಬಲಕ್ಕೆ ತಿರುಗಬಹುದು, ಯಾರದೋ ಗದ್ದೆಯಲ್ಲಿ ಮಲಗಿದ ಕಬ್ಬನ್ನು ತೋರಿಸುತ್ತಿರಬಹುದು, ಎಲೆಅಡಿಕೆ ಉಗಿಯಲು ಟವೆಲ್ಲು ಸರಿಸುತ್ತಿರಬಹುದು, ಅಥವಾ ನೀನು ಮುಂದೆ ಹೋಗಪ್ಪಾ ಎಂದಿರಬಹುದು. ಕೈ ತೆಗೆದ ಕೂಡಲೆ ಆಕ್ಸಿಲೇಟರ್ ತಾನಾಗಿ ಇಳಿಯುತ್ತದೆ, ಮುಂದಿನ ಬ್ರೇಕು ಹಿಡಿಯಲು ಆ ಕೈಯೇ ಇರುವುದಿಲ್ಲ. ಹಾಗಾಗಿ ಅರ್ಥ ಯಾವುದೇ ಇದ್ದರೂ ಗಾಡಿ ಮಾತ್ರ ನಡುರಸ್ತೆಯಲ್ಲಿ ಮೆಲ್ಲಗಾಗುತ್ತದೆ. ಎದುರಿನಿಂದ ಇನ್ನೊಬ್ಬ ಟಿವಿಎಸ್ ಗೌಡ್ರು ಬಂದರಂತೂ ಎರಡೂ ಗಾಡಿ ಅಕ್ಕಪಕ್ಕ ನಿಂತು, ವಿಸಿ ನಾಲೆಗೆ ಎಂದು ನೀರು ಬಿಡುತ್ತಾರೆ ಎಂಬ ಚರ್ಚೆ ಶುರುವಾಗುತ್ತದೆ. ಕೆಆರ್‌ಎಸ್‌ನಲ್ಲಿ ನೀರಿನ ಮಟ್ಟ ಎಷ್ಟು ಅಡಿ ಎಂದು ಇತ್ಯರ್ಥವಾಗುವವರೆಗೆ ಬಸ್ಸು ಕಾಯಬೇಕು.

ಮುಂದಿನ ಬ್ರೇಕು ಎಂದೆನಲ್ಲ, ಅದೊಂದು ದೊಡ್ಡ ಪ್ರಕರಣ. ಮುಂದಿನದು ಹಿಡಿದರೆ ಗಾಡಿ ಪಲ್ಟಿಯಾಗುತ್ತದೆಂದು ಯಾರೋ ಹೇಳಿದ ಮಾತನ್ನು ನಂಬಿ ಗೌಡ್ರು ಹಳೆಯ ಎಕ್ಸೆಲ್ಲಿನ ಮುಂದಿನ ಬ್ರೇಕಿನ ಕೇಬಲ್ಲು ಸಡಿಲ ಮಾಡಿಸಿಟ್ಟಿದ್ದರು. ನಿಜಕ್ಕೂ ನಡೆಯುವುದು ತಿರುಗುಮುರುಗು. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಿಂದಿನದೊಂದನ್ನೇ ಒತ್ತಿದರೆ ಅದು ಲಾಕ್ ಆಗಿ ಜಾರುತ್ತದೆ, ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ, ಹಿಂಡದೆ ಹದವಾಗಿ ಹಿಡಿಯಬೇಕು. ಸವಾರರಿಗೆ ಹೇಳಿ ಹೇಳಿ ಸಾಕಾಯಿತೋ ಏನೋ, ಸರ್ಕಾರ 2019ರಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಲ್ಲಿ ಒಂದನ್ನು ಹಿಡಿದರೆ ಎರಡೂ ಕೆಲಸ ಮಾಡುವ ಹಾಗೆ ಜೋಡಿಸಬೇಕೆಂದು ಕಡ್ಡಾಯ ಮಾಡಿತು. ಹೊಸ ಎಕ್ಸೆಲ್ ತಂದ ವಾರದಲ್ಲೇ ಗೌಡ್ರು ಮೆಕ್ಯಾನಿಕ್ ಬಳಿ ದೂರು ಒಯ್ದರು: "ಕಂಪ್ನಿಯೋರು ಏನೋ ತಪ್ಪು ಕನೆಕ್ಷನ್ ಕೊಟ್ಬುಟ್ಟವ್ರೆ. ಹಿಡುದ್ರೆ ನಿಂತೋಯ್ತದೆ ಕಣ್ಲಾ!"

ದೀಪದ ಕತೆಯೂ ಇಂಥದ್ದೇ. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳಿಗೆ ಹೆಡ್‌ಲೈಟಿನ ಸ್ವಿಚ್ಚೇ ಇಲ್ಲ, ಇಂಜಿನ್ ಓಡುವಷ್ಟು ಹೊತ್ತು ಹಗಲೂ ಉರಿಯುತ್ತದೆ. ಸಣ್ಣ ಗಾಡಿ ದೊಡ್ಡ ಗಾಡಿಯವರ ಕಣ್ಣಿಗೆ ಬೀಳಲಿ ಎಂಬ ಉಪಾಯ. ಎದುರು ಬರುವ ಹಿತೈಷಿಗಳೆಲ್ಲ ಬೆರಳು ಅರಳಿಸಿ ಮುಚ್ಚಿ 'ಲೈಟು, ಲೈಟು' ಎಂದು ಸನ್ನೆ ಮಾಡಿದ್ದೇ ಮಾಡಿದ್ದು. ಗೌಡ್ರಿಗೆ ನಾಚಿಕೆಯಾಯಿತು. ಕರೆಂಟು ದಂಡವಾಗಬಾರದೆಂದು ದೀಪದ ಮೇಲೆ ಹಳೇ ಪಂಚೆಯ ತುಂಡೊಂದನ್ನು ಕಟ್ಟಿದರು. ಕತ್ತಲಾದ ಮೇಲೆ ಅದನ್ನು ಬಿಚ್ಚಬೇಕೆಂಬುದು ಮನೆ ತಲುಪಿದ ಮೇಲೆ ನೆನಪಾಗುತ್ತದೆ. ಹಿಂದಿನ ಕೆಂಪು ದೀಪವನ್ನು ಸೋಗೆಯ ಹೊರೆ ಹೇಗೂ ಮುಚ್ಚಿರುತ್ತದೆ. ಸಂಜೆ ಏಳರ ಮೇಲೆ ಗೌಡ್ರು ರಸ್ತೆಯಲ್ಲಿದ್ದಾರೆಂದು ಗೊತ್ತಾಗುವುದು ಸೋಗೆಯ ಸರಸರ ಸದ್ದಿನಿಂದ. ಗಾಜು ಏರಿಸಿಕೊಂಡು ಕಾರಿನೊಳಗೆ ಕೂತವನಿಗೆ ಆ ಸದ್ದೂ ಇಲ್ಲ.

ಹೊರೆ ಎಂದರೆ ಎಷ್ಟು? ಗಾಡಿಯ ತೂಕ 90 ಕೆ.ಜಿ.ಯೊಳಗೆ. ಅದರ ಮೇಲೆ ಗೌಡ್ರು, ಗೌಡ್ರ ಕಾಲ ಬಳಿ ಬೂಸಾ ಮೂಟೆ, ಹಿಂದೆ ಹಸಿ ಹುಲ್ಲು, ಹುಲ್ಲಿನ ಮೇಲೆ ಕುಡುಗೋಲು ಹಿಡಿದ ಮೊಮ್ಮಗ. ಹಿಂಭಾರ ಹೆಚ್ಚಾದಾಗ ಮುಂದಿನ ಚಕ್ರ ನೆಲದ ಮೇಲೆ ಸುಮ್ಮನೆ ಸವರಿಕೊಂಡು ಹೋಗುತ್ತದೆ, ಹ್ಯಾಂಡಲ್ ತಿರುಗಿಸಿದತ್ತ ತಿರುಗುವುದು ಅದರ ಮರ್ಜಿ. ಮಾಘದ ಸುಮಾರಿಗೆ ರಾಗಿ, ಹುರುಳಿ ಒಕ್ಕಣೆಗೆಂದು ಟಾರು ರಸ್ತೆಯ ಮೇಲೆ ಹರಡಿದ ಹುಲ್ಲಿನ ಮೇಲೂ ಇದೇ ಭಾರದಲ್ಲಿ ನುಗ್ಗುತ್ತಾರೆ. ಒಣಹುಲ್ಲಿನ ಮೇಲೆ ಟೈರಿಗೆ ಹಿಡಿತವೇ ಇರದು. ಬೈಕಿನವರು ಅಲ್ಲಿ ಜಾರಿ ಬಿದ್ದು ಸರ್ಕಾರವನ್ನು ಬೈಯುತ್ತಾರೆ. ಗೌಡ್ರು ಬೈಯುವಂತಿಲ್ಲ, ಹುಲ್ಲು ಅವರದೇ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬರಬಾರದೆಂದು ಆಯಿತಲ್ಲ, ಅದನ್ನು ಗೌಡ್ರು ಅವಮಾನವೆಂದು ತಿಳಿಯಲಿಲ್ಲ. "ದೊಡ್ಡೋರಿಗೆ ಒಳಗಿಂದು, ನಮಗೆ ಸರ್ವಿಸ್ ರೋಡು. ಪಾಲು ಆಗೋಯ್ತು" ಎಂದರು. ಪಾಲಾದ ಆಸ್ತಿಯಲ್ಲಿ ಹೇಗೆ ಬೇಕಾದರೂ ಓಡಾಡಬಹುದಷ್ಟೆ. ಮನೆ ಈ ಕಡೆ, ಗದ್ದೆ ಆ ಕಡೆ, ಅಂಡರ್‌ಪಾಸು ದೂರದಲ್ಲಿ. ನಿಯಮದಂತೆ ಹೋದರೆ ಸುತ್ತಿ ಬರಬೇಕು. ಗೌಡ್ರು ಸುತ್ತುವುದಿಲ್ಲ. ಎದುರು ದಿಕ್ಕಿನಲ್ಲಿ, ಅಂಚು ಹಿಡಿದು, ಬಹಳ ಮರ್ಯಾದೆಯಿಂದ ಬರುತ್ತಾರೆ. ಹೌದು, ನಡುರಸ್ತೆ ಬಿಟ್ಟು ಅವರು ಅಂಚು ಹಿಡಿಯುವುದು ರಾಂಗ್ ಸೈಡಿನಲ್ಲಿ ಮಾತ್ರ. ಬೈದವರಿಗೆಲ್ಲ ಒಂದೇ ಉತ್ತರ: "ಇಲ್ಲೇ ಕಣಪ್ಪಾ, ಒಂಚೂರು." ಆ ಒಂಚೂರು ಹನಕೆರೆಯಿಂದ ಗೆಜ್ಜಲಗೆರೆವರೆಗೂ ಇರಬಹುದು. ರಸ್ತೆ ಮಾಡಿದವರು ಊರಿನ ಕಾಲುದಾರಿಗಳನ್ನು ಕತ್ತರಿಸಿ ಸೇತುವೆಗಳನ್ನು ದೂರದೂರ ಇಟ್ಟದ್ದೂ ಇದರಲ್ಲಿ ಪಾಲುದಾರ ಎನ್ನುವುದು ನನ್ನ ತಕರಾರು.

ಮೊಪೆಡ್ಡಿಗೆ ಲೈಸೆನ್ಸ್ ಬೇಡ ಎಂಬ ನಂಬಿಕೆಯನ್ನು ಗೌಡ್ರು ಅಪ್ಪನಿಂದ ಪಡೆದರು, ಮೊಮ್ಮಗನಿಗೂ ದಾಟಿಸುತ್ತಿದ್ದರು. ಕಾನೂನಿನಲ್ಲಿ ಅಂಥ ಮಾತಿಲ್ಲ. ಗೇರಿಲ್ಲದ, 50 ಸಿ.ಸಿ. ಮೀರದ ಗಾಡಿಗೆ ಹದಿನಾರು ತುಂಬಿದವರೂ ಲೈಸೆನ್ಸ್ ಪಡೆಯಬಹುದು ಎಂದಿದೆಯೇ ಹೊರತು ಲೈಸೆನ್ಸೇ ಬೇಡವೆಂದಿಲ್ಲ. ಎಕ್ಸೆಲ್ ಆ ಮಿತಿಯನ್ನು ದಾಟಿದ್ದು, ಅದಕ್ಕೆ ಹದಿನೆಂಟೇ ಆಗಬೇಕು. ಇದನ್ನೆಲ್ಲ ಅಳಿಯ ಬಿಡಿಸಿ ಹೇಳಿದಾಗ ಗೌಡ್ರು ಆಕಳಿಸಿದರು. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಹಿರಿಯರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದಾಗ ಎದ್ದು ಕೂತರು. ಜೈಲಿಗೆ ಹೆದರಿದ್ದಲ್ಲ. "ಗಾಡಿ ಮಾರುದ್ರೂ ಅಷ್ಟು ಬರಾಕಿಲ್ವಲ್ಲಾ!" ಮೊಮ್ಮಗ ಅಂದಿನಿಂದ ಸೈಕಲ್ಲಿಗೆ ಇಳಿದಿದ್ದಾನೆ. ಈ ಜಿಲ್ಲೆಯಲ್ಲಿ ರಸ್ತೆ ಸುರಕ್ಷತೆಗೆ ದಂಡದ ಪಟ್ಟಿ ಮಾಡಿದಷ್ಟು ಕೆಲಸವನ್ನು ಯಾವ ಸಪ್ತಾಹವೂ ಮಾಡಿಲ್ಲ.

ಅದೇ ಅಳಿಯನಿಗೆ ಗೌಡ್ರು ಬುದ್ಧಿ ಹೇಳುವ ವೈಖರಿಯನ್ನು ಕೇಳಬೇಕು. ಅವನು ಬೆಂಗಳೂರಿನಲ್ಲಿ ಕೆಲಸಕ್ಕಿದ್ದು, ಹಬ್ಬಕ್ಕೆ ಬೈಕಿನಲ್ಲಿ ಬರುವವನು. ಮುಖ ಮುಚ್ಚುವ ಹೆಲ್ಮೆಟ್ಟು, ಕೈಗವಸು, ಬೂಟು, ಮೊಣಕಾಲಿಗೆ ಕವಚ.

"ಏನ್ಲಾ ಇದು, ಯುದ್ಧಕ್ಕೆ ಹೊಂಟಿದೀಯಾ?"

"ಸೇಫ್ಟಿಗೆ ಮಾವ."

"ಸೇಫ್ಟಿ ಅನ್ನೋದು ಇಲ್ಲಿರ್ಬೇಕು ಕಣ್ಲಾ" ಎಂದು ಗೌಡ್ರು ತಲೆ ಮುಟ್ಟಿ ತೋರಿಸುತ್ತಾರೆ. ಬೆರಳು ಟವೆಲ್ಲಿನೊಳಗಿನ ಮೊಬೈಲಿಗೆ ತಗುಲಿ, ಅತ್ತ ಕಡೆ ಅಷ್ಟು ಹೊತ್ತಿನಿಂದ ಮಾತಾಡುತ್ತಿದ್ದ ಬೀಗರ ಕರೆ ಕಟ್ಟಾಗುತ್ತದೆ.

ಹೆಲ್ಮೆಟ್ಟು ಗೌಡ್ರ ಹತ್ತಿರವೂ ಇದೆ. ಹೆದ್ದಾರಿ ಪಕ್ಕ ರಾಶಿ ಹಾಕಿ ಮಾರುವ, ಐಎಸ್‌ಐ ಗುರುತಿಲ್ಲದ, ಕಿವಿಯಿಂದ ಮೇಲಷ್ಟೇ ಮುಚ್ಚುವ ಅರ್ಧ ಹೆಲ್ಮೆಟ್ಟು. ಸಾಮಾನ್ಯವಾಗಿ ಅದು ಹ್ಯಾಂಡಲ್ಲಿಗೆ ತೂಗುಬಿದ್ದಿರುತ್ತದೆ. ಸಂತೆಯಿಂದ ಬರುವಾಗ ಅದರಲ್ಲಿ ಮೊಟ್ಟೆ ಇರುತ್ತದೆ. ಪೊಲೀಸರು ಕಂಡರೆ ಟವೆಲ್ಲಿನ ಮೇಲೇ ಏರುತ್ತದೆ, ಪಟ್ಟಿ ಹಾಕುವಷ್ಟು ವ್ಯವಧಾನವಿರುವುದಿಲ್ಲ. ಒಮ್ಮೆ ಮೊಟ್ಟೆ ಇದ್ದಾಗಲೇ ಪೊಲೀಸರು ಕಂಡರಂತೆ. ಆ ಪ್ರಸಂಗವನ್ನು ಗೌಡ್ರು ಯಾರಿಗೂ ಹೇಳುವುದಿಲ್ಲ. ಗೌಡ್ತಿ ಎಲ್ಲರಿಗೂ ಹೇಳುತ್ತಾರೆ.

ಗೌಡ್ತಿಯವರನ್ನು ಕೊನೆಗಿಟ್ಟದ್ದಕ್ಕೆ ಕಾರಣವಿದೆ. ಗೌಡ್ರು ಈವರೆಗೆ ಬೀಳದಿರುವುದರ ಗುಟ್ಟು ಹಿಂದಿನ ಸೀಟಿನಲ್ಲಿದೆ. ಒಂದೇ ಪಕ್ಕಕ್ಕೆ ಕಾಲು ಹಾಕಿ, ಸೆರಗು ಚಕ್ರಕ್ಕೆ ಸಿಗದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತ ಗೌಡ್ತಿ, ಕನ್ನಡಿಯ ಕೆಲಸವನ್ನೂ ಇಂಡಿಕೇಟರಿನ ಕೆಲಸವನ್ನೂ ಹಾರನ್ನಿನ ಕೆಲಸವನ್ನೂ ಒಬ್ಬರೇ ಮಾಡುತ್ತಾರೆ. "ಲಾರಿ ಬತ್ತಾ ಅದೆ, ಎಡಕ್ಕೆ ಬನ್ನಿ." "ಈಗ ತಿರುಗ್ಬ್ಯಾಡಿ." "ಹಂಪ್ಸು, ಹಂಪ್ಸು!" ಗೌಡ್ರು ತಿರುಗುವಾಗ ಕೈ ಚಾಚಿ ಹಿಂದಿನವರನ್ನು ನಿಲ್ಲಿಸುವುದೂ ಅವರೇ. ಅವರಿಲ್ಲದ ದಿನ ಗೌಡ್ರು ಎಷ್ಟು ಸುರಕ್ಷಿತ ಎಂಬುದನ್ನು ಆ ದಾರಿಯ ಬಸ್ ಡ್ರೈವರುಗಳನ್ನು ಕೇಳಬೇಕು.

ಹಿಂದೆ ಕೂತವರಿಗೂ ಹೆಲ್ಮೆಟ್ಟು ಕಡ್ಡಾಯವೆಂದು ಕರ್ನಾಟಕದಲ್ಲಿ 2016ರಲ್ಲೇ ಆಗಿದೆ. ಗೌಡ್ತಿ ಅದನ್ನು ಕೇಳಿ ಸುಮ್ಮನಿದ್ದರು. ಮೊನ್ನೆ ಡೈರಿಯಲ್ಲಿ ಹಾಲಿನ ಬಟವಾಡೆಯಾದ ದಿನ ಮಂಡ್ಯಕ್ಕೆ ಹೋಗಿ, ಅಂಗಡಿಯವನಿಗೆ ಐಎಸ್‌ಐ ಗುರುತು ತೋರಿಸೆಂದು ಗದರಿಸಿ, ಪೂರ್ತಿ ಮುಖದ ಕೆಂಪು ಹೆಲ್ಮೆಟ್ಟೊಂದನ್ನು ಕೊಂಡು ತಂದರು. ತಲೆಗೆ ಹಾಕಿ, ಪಟ್ಟಿ ಬಿಗಿದು, ಗಾಜು ಮೇಲೆತ್ತಿ ಗಾಡಿ ಹತ್ತಿರ ಬಂದು ನಿಂತಾಗ ಗೌಡ್ರು ಕಕ್ಕಾಬಿಕ್ಕಿಯಾದರು.

"ಯಾಕಮ್ಮಿ ಇದು? ನಾನು ಮೂವತ್ತರ ಮೇಲೆ ಹೋದೋನಾ? ಹಿಂದೆ ಕೂರೋಳ್ಗೆ ಯಾಕೆ ಬೇಕು?"

"ಓಡ್ಸೋರು ನೀವಲ್ವಾ," ಎಂದರು ಗೌಡ್ತಿ, "ಅದುಕ್ಕೆ."