ನೋಡೋಣ, ಮಾರ್ಚ್ ಮುಗೀಲಿ

ಮಲೆನಾಡಿನ ಯಾವ ಅಡಿಕೆ ಮಂಡಿಗೆ ಹೋದರೂ ಇವರು ಸಿಗುತ್ತಾರೆ. ಹೊರಗೆ ಮೂಟೆ ತೂಗುತ್ತಿರುತ್ತದೆ, ಒಳಗೆ ಲಕ್ಷ್ಮಿ ಪಟದ ಕೆಳಗೆ ರೈಟರು ಕೂತಿರುತ್ತಾರೆ. ಎದುರಿಗೆ ಹಳದಿಗಟ್ಟಿದ ಕಂಪ್ಯೂಟರು. ಅದರ ಹಣೆಗೆ ಹೋದ ಆಯುಧಪೂಜೆಯ ಕುಂಕುಮ, ಕೀಬೋರ್ಡಿಗೆ ಪ್ಲಾಸ್ಟಿಕ್ ಹೊದಿಕೆ, ಹೊಟ್ಟೆಯೊಳಗೆ ಲೆಕ್ಕ ಇಡುವ ಡಾಸ್ ಕಾಲದ ತಂತ್ರಾಂಶ ಫಾಕ್ಸ್‌ಪ್ರೊ 2.6.

ಇದನ್ನು ಬದಲಾಯಿಸಬೇಕೋ ಬೇಡವೋ ಎಂಬ ವಿಷಯ ಬಹಳ ವರ್ಷಗಳಿಂದ ಪರಿಶೀಲನೆಯಲ್ಲಿದೆ. ಪರಿಶೀಲಿಸುತ್ತಿರುವವರು ರೈಟರೇ. ಏಪ್ರಿಲ್‌ನಲ್ಲಿ ಕೇಳಿದರೆ "ಆಡಿಟ್ ಆಗ್ಲಿ." ಮಳೆಗಾಲದಲ್ಲಿ "ಈಗ ಕರೆಂಟೇ ನೆಟ್ಟಗಿಲ್ಲ." ದೀಪಾವಳಿ ಕಳೆದರೆ "ಹೊಸ ಅಡಿಕೆ ಬರ್ತಾ ಇದೆ, ಕೈ ಬಿಡುವಿಲ್ಲ." ಜನವರಿಯಿಂದಾಚೆ "ನೋಡೋಣ, ಮಾರ್ಚ್ ಮುಗೀಲಿ." ಅವರ ಪಂಚಾಂಗದಲ್ಲಿ ವರ್ಷವಿಡೀ ರಾಹುಕಾಲ.

ವಿಷಯ ಗೊತ್ತಿಲ್ಲದೆ ಆಡುವ ಮಾತಲ್ಲ ಇದು. ಫಾಕ್ಸ್ ಕಂಪನಿಯನ್ನು ಮೈಕ್ರೋಸಾಫ್ಟ್ 1992ರಲ್ಲಿ ಕೊಂಡದ್ದು, ಇನ್ನು ಹೊಸ ಆವೃತ್ತಿ ತರುವುದಿಲ್ಲವೆಂದು 2007ರಲ್ಲಿ ಹೇಳಿದ್ದು, 2015ರ ಜನವರಿಯಲ್ಲಿ ಬೆಂಬಲವನ್ನೂ ನಿಲ್ಲಿಸಿದ್ದು ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಅರ್ಥ ಮಾತ್ರ ಸ್ವಂತದ್ದು. "ಕಂಪನಿಯೋರೇ ಕೈಬಿಟ್ರು ಅಂದ್ರೆ, ರಿಪೇರಿ ಮಾಡೋಕೆ ಇನ್ನೇನೂ ಉಳಿದಿಲ್ಲ ಅಂತ ಲೆಕ್ಕ." 2000ನೇ ಇಸವಿ ಬಂದಾಗ, ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದ ಕಂಪ್ಯೂಟರುಗಳು ತಪ್ಪುತ್ತವೆಂದು ಜಗತ್ತೆಲ್ಲ ನಡುಗಿತು. ರೈಟರು 'ಸೆಟ್ ಸೆಂಚುರಿ ಆನ್' ಎಂದು ಒಂದು ಸಾಲು ಸೇರಿಸಿ ಮನೆಗೆ ಹೋಗಿ ಮಲಗಿದರು. ಫಾಕ್ಸ್‌ಪ್ರೊ ಲೆಕ್ಕ ಇಡುವ ಡಿಬಿಎಫ್ ಕಡತ ಇಸವಿಯನ್ನು ಮೊದಲಿಂದಲೂ ನಾಲ್ಕಂಕಿಯಲ್ಲೇ ಇಟ್ಟುಕೊಂಡಿತ್ತು, ಗೆದ್ದುಬಿಟ್ಟರು. ಆ ಗೆಲುವಿನ ಅಮಲು ಇನ್ನೂ ಇಳಿದಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ವ್ಯಾಟ್ ಕಾಲಮ್ಮಿನಲ್ಲಿ ಕೇಂದ್ರದ ಪಾಲನ್ನೂ, ಖಾಲಿ ಬಿದ್ದಿದ್ದ ಗೋಣಿಚೀಲದ ಕಾಲಮ್ಮಿನಲ್ಲಿ ರಾಜ್ಯದ ಪಾಲನ್ನೂ ಕೂರಿಸಿದರು. ಲೆಕ್ಕ ಪೈಸೆ ತಪ್ಪದೆ ಕೂಡಿಬಂತು.

ಹೊಸ ತಂತ್ರಾಂಶ ಮಾರುವ ಹುಡುಗ ಲ್ಯಾಪ್‌ಟಾಪ್ ಹಿಡಿದು ಬಂದ ದಿನ ನೋಡಬೇಕಿತ್ತು.

"ಸಾರ್, ವಿಂಡೋಸ್ 10ಕ್ಕೂ ಬೆಂಬಲ 2025ರ ಅಕ್ಟೋಬರ್‌ಗೆ ನಿಂತೋಯ್ತು. 11ರಲ್ಲಿ ನಿಮ್ಮ ಡಾಸ್ ಪ್ರೋಗ್ರಾಮು ನೇರವಾಗಿ ಓಡೋದೇ ಇಲ್ಲ."

"ಡಾಸ್‌ಬಾಕ್ಸ್ ಹಾಕಿದ್ರೆ ಓಡುತ್ತೆ ಕಣಪ್ಪಾ. ನಮ್ಮ ಅಕ್ಕನ ಮಗ ಹಾಕಿ ತೋರಿಸಿದಾನೆ. ಇರ್ಲಿ, ನಿಂದ್ರಲ್ಲಿ ಒಂದು ಪಟ್ಟಿ ತೆಗಿ ನೋಡೋಣ."

ಹುಡುಗನ ಪರದೆಯ ಮೇಲೆ ಚಕ್ರ ತಿರುಗತೊಡಗಿತು. ರೈಟರು ಕೀಬೋರ್ಡಿನ ಕಡೆ ನೋಡದೆಯೇ ಆಲ್ಟ್ ಒತ್ತಿ ಎರಡಕ್ಷರ ಕುಟ್ಟಿದರು. ಡಾಟ್ ಮ್ಯಾಟ್ರಿಕ್ಸ್ ಕರಕರನೆ ಕಿರುಚಿ, ಕಾರ್ಬನ್ ಪ್ರತಿಯ ಸಮೇತ ಪಟ್ಟಿಯನ್ನು ಹೊರಗೆ ತಳ್ಳಿತು. ಅಡಿಕೆಯಲ್ಲಿ ರಾಶಿ ಇಷ್ಟು, ಬೆಟ್ಟೆ ಇಷ್ಟು, ಕಮಿಷನ್, ಹಮಾಲಿ ಎಲ್ಲ ಕಳೆದು ನಿವ್ವಳ ಇಷ್ಟು. ಚಕ್ರ ಇನ್ನೂ ತಿರುಗುತ್ತಲೇ ಇತ್ತು. "ಕಾಫಿ ಕುಡ್ಕೊಂಡು ಹೋಗು" ಎಂದರು ರೈಟರು, ಉದಾರವಾಗಿ.

ಎಲ್ಲ ಅಡ್ಡಿಯೂ ರೈಟರದೇ ಎಂದುಕೊಂಡರೆ ತಪ್ಪು. ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಮಾಡಿದ್ದು ನಿಜವಾಗಿ ಅಳಿಯುವುದಿಲ್ಲ, ಬರೀ ಒಂದು ಗುರುತು ಬೀಳುತ್ತದೆ. 'ಪ್ಯಾಕ್' ಎಂದು ಆಜ್ಞೆ ಕೊಟ್ಟರೆ ಮಾತ್ರ ಗುಡಿಸಿ ಹೋಗುತ್ತದೆ. ರೈಟರು ಈವರೆಗೆ ಪ್ಯಾಕ್ ಕೊಟ್ಟವರಲ್ಲ. ಹೀಗಾಗಿ ಮಂಡಿ ಸಾಹುಕಾರರ ಭಾವಮೈದ ಎಂದೋ ಒಯ್ದು, ಆಮೇಲೆ "ತೆಗೆಸಿಬಿಟ್ಟ" ಮುಂಗಡ ಇಂದಿಗೂ ಒಳಗೆ ತಣ್ಣಗೆ ಕೂತಿದೆ. ಮಾಹಿತಿಯನ್ನೆಲ್ಲ ಹೊಸದಕ್ಕೆ ಸಾಗಿಸುವಾಗ ಹೊರಗಿನವನೊಬ್ಬ ಅದನ್ನು ಕಾಣಬೇಕಾಗುತ್ತದೆ. ಬದಲಾವಣೆಯ ಮಾತು ಬಂದಾಗಲೆಲ್ಲ ಸಾಹುಕಾರರಿಗೂ ಫೋನ್ ಬರುವುದು ಕಾಕತಾಳೀಯ ಇರಲಾರದು.

ರೈಟರ ಹಟ ಪೂರ್ತಿ ಮೂರ್ಖತನವೂ ಅಲ್ಲ. ಡಿಬಿಎಫ್ ಕಡತವನ್ನು ಎಕ್ಸೆಲ್ ಇಂದಿಗೂ ತೆರೆಯುತ್ತದೆ, ಪುಕ್ಕಟೆ ಸಿಗುವ ಲಿಬ್ರೆ ಆಫೀಸೂ ತೆರೆಯುತ್ತದೆ. ಲೆಕ್ಕ ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ. ತೊಡಕಿರುವುದು ತೆರೆದ ಮೇಲೆ. ಕಾಲಮ್ಮಿನ ಹೆಸರು ಹತ್ತಕ್ಷರ ಮೀರುವಂತಿಲ್ಲವಾದ್ದರಿಂದ ಕಾಣುವುದೆಲ್ಲ 'ಆರ್‌ಎಸ್2', 'ಕೆಟಿಎಕ್ಸ್', 'ಟೆಂಪ್9'. ಮಾಲಿನ ಕೋಡಿನಲ್ಲಿ ಒಂದು ಎಂದರೆ ರಾಶಿ, ಎರಡು ಬೆಟ್ಟೆ, ಮೂರು ಗೊರಬಲು, ನಾಲ್ಕು ಸರಕು. ಐದು? ಅದು ರೈಟರಿಗೊಬ್ಬರಿಗೇ ಗೊತ್ತು. ಕೇಳಿದರೆ ನಗುತ್ತಾರೆ.

ಸಾಹುಕಾರರೇ, ತಂತ್ರಾಂಶ ಯಾವಾಗ ಬೇಕಾದರೂ ಕೊಳ್ಳಬಹುದು. ರೈಟರಿಗೆ ವಯಸ್ಸಾಗುತ್ತಿದೆ. ಈ ವಾರವೇ ಒಂದು ನೂರು ಪುಟದ ನೋಟ್‌ಬುಕ್ ತರಿಸಿ, ಅವರ ಪಕ್ಕ ಒಬ್ಬ ಹುಡುಗನನ್ನು ಕೂರಿಸಿ, ಒಂದೊಂದೇ ಕಾಲಮ್ಮಿನ ಅರ್ಥ ಬರೆಸಿಕೊಳ್ಳಿ. ಮೊದಲು ಆ ಐದು ಏನೆಂದು ಕೇಳಿ.