ಯಾರ ಪೈಕಿಯೂ ಅಲ್ಲದ ಊರಿನಲ್ಲಿ

ನಮ್ಮ ಸಾಗರದ ಕಡೆ ಹೊಸಬರು ಯಾರಾದರೂ ಜಗುಲಿ ಹತ್ತಿದರೆ ಮೊದಲು ಬೆಲ್ಲ, ನೀರು. ಆಮೇಲೆ ‘ಯಾರ ಪೈಕಿ ಆಯ್ತು?’ ಎಂಬ ಪ್ರಶ್ನೆ. ಇಂಥವರ ಅಳಿಯನ ತಮ್ಮ, ಅಂಥವರ ಸೋದರತ್ತೆಯ ಮೊಮ್ಮಗ ಅಂತ ಒಂದು ಎಳೆ ಸಿಕ್ಕಿದರೆ ಸಾಕು, ಊಟಕ್ಕೆ ಎಲೆ ಬಿತ್ತು ಎಂದೇ ಲೆಕ್ಕ. ಲಂಡನ್ ಕೂಡ ಹೊಸಬರನ್ನು ವಿಚಾರಿಸಿಕೊಳ್ಳುತ್ತದೆ. ಆದರೆ ಅದಕ್ಕೆ ಅಪ್ಪ, ಅಜ್ಜ, ಗೋತ್ರ ಯಾವುದೂ ಬೇಡ. ವಿಳಾಸದ ಪುರಾವೆ ಎಲ್ಲಿ, ಅಷ್ಟೇ.

ಪಾಸ್‌ಪೋರ್ಟ್ ತೋರಿಸಿದರೆ ‘ನೀವು ಯಾರು ಅನ್ನುವುದು ಗೊತ್ತಾಯಿತು, ಎಲ್ಲಿದ್ದೀರಿ ಅನ್ನುವುದಕ್ಕೆ?’ ಎನ್ನುತ್ತಾರೆ. ನಾನು ಅವರ ಎದುರಿಗೇ ನಿಂತಿರುವುದು ಪುರಾವೆಯಾಗುವುದಿಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಮನೆಯ ವಿಳಾಸ ಬೇಕು. ಮನೆ ಸಿಗಬೇಕಾದರೆ ಖಾತೆ ಇರಬೇಕು, ಅದರಲ್ಲಿ ಸಂಬಳ ಬಿದ್ದ ಗುರುತಿರಬೇಕು. ಸಂಬಳ ಬೀಳುವುದಕ್ಕೆ ಮತ್ತೆ ಖಾತೆ. ಈಗ ಫೋನಿನಲ್ಲೇ ತೆರೆಯುವ ಖಾತೆಗಳು ಬಂದಿವೆ ನಿಜ, ಆದರೆ ಅವರು ಕಾರ್ಡು ಕಳಿಸುವುದೂ ವಿಳಾಸಕ್ಕೇ. ಮದುವೆಯಾಗದೆ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡದೆ ಮದುವೆಯಾಗುವುದಿಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮರು ಒಮ್ಮೆ ಲಂಡನ್ನಿನಲ್ಲಿ ಮನೆ ಹುಡುಕಿದ್ದರು ಎಂದು ನನ್ನ ಗುಮಾನಿ.

ಮನೆ ತೋರಿಸುವ ಏಜೆಂಟರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಲ್ಲ ಊರಿನ ಏಜೆಂಟರೂ ಒಂದೇ ತಾಯಿಯ ಮಕ್ಕಳು. ‘ಡಬಲ್ ರೂಮ್’ ಎಂದು ಅವರು ಕರೆಯುವ ಕೋಣೆಯಲ್ಲಿ ಮಂಚ ಮೂರು ಗೋಡೆಗೂ ತಾಗಿಕೊಂಡಿರುತ್ತದೆ, ನಾಲ್ಕನೆಯ ಗೋಡೆಯ ಜಾಗದಲ್ಲಿ ಬಾಗಿಲು. ಒಂದು ಸಮಾಧಾನವೆಂದರೆ, 2019ರ ಕಾನೂನಿನ ಪ್ರಕಾರ ನಮ್ಮಂಥವರ ಬಾಡಿಗೆ ಮನೆಗೆ ಐದು ವಾರದ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವನಿಗೆ ಇದು ಕಣ್ಣಲ್ಲಿ ನೀರು ತರಿಸುವ ಕಾನೂನು.

ಆದರೆ ಹಿಂದಿನ ಮನೆ ಮಾಲೀಕರಿಂದ ಒಂದು ಪತ್ರ ತನ್ನಿ ಎಂದರು ನೋಡಿ, ಅಲ್ಲಿ ಕೆಲಸ ಕೆಟ್ಟಿತು. ಇಲ್ಲಿಗೆ ಹೊರಡುವ ಹೊತ್ತಿಗೆ ನಾನಿದ್ದದ್ದು ಊರಿನ ನಮ್ಮ ಮನೆಯಲ್ಲೇ, ಅಂದರೆ ಅಪ್ಪಯ್ಯನೇ ಮಾಲೀಕ. ಫೋನ್ ಮಾಡಿ, ‘ಬಾಡಿಗೆ ಸರಿಯಾಗಿ ಕೊಡ್ತಿದ್ದ, ಗಲಾಟೆ ಇರಲಿಲ್ಲ ಅಂತ ಎರಡು ಸಾಲು ಬರೆದು ಕಳಿಸಿ ಅಪ್ಪಯ್ಯ’ ಎಂದೆ.

‘ಒಂದು ಪೈಸೆ ಕೊಟ್ಟವನಲ್ಲ, ಬರೆಯೋದು ಏನು?’ ಎಂದರು. ಗಲಾಟೆಯ ವಿಷಯಕ್ಕೆ ಅವರು ಬರಲೇ ಇಲ್ಲ. ಬಂದಿದ್ದರೆ ಪತ್ರ ಎರಡು ಸಾಲಿಗೆ ಮುಗಿಯುತ್ತಿರಲಿಲ್ಲ.

ಕೊನೆಗೆ ಮನೆ ಸಿಕ್ಕಿದ್ದು ಪೈಕಿಯಿಂದಲೇ. ನಮ್ಮ ಭಾವನ ಹಳೆಯ ಸಹಪಾಠಿ, ಹುಬ್ಬಳ್ಳಿಯವರು, ಈಸ್ಟ್ ಹ್ಯಾಮಿನಲ್ಲಿದ್ದರು. ಅವರ ಮಾತಿನ ಮೇಲೆ ಪಕ್ಕದ ಬೀದಿಯಲ್ಲಿ ಒಂದು ಮಹಡಿ ಮನೆ ನನ್ನದಾಯಿತು. ಈಸ್ಟ್ ಹ್ಯಾಮಿನ ಅಂಗಡಿ ಬೀದಿಯಲ್ಲಿ ಇಂಗ್ಲಿಷಿಗಿಂತ ತಮಿಳು ಬೋರ್ಡುಗಳೇ ಮೊದಲು ಕಣ್ಣಿಗೆ ಬೀಳುತ್ತವೆ. ಬೆಂಗಳೂರಿನಲ್ಲಿ ಹಟ ಹಿಡಿದು ತಮಿಳು ಕಲಿಯದೆ ಉಳಿದಿದ್ದ ನಾನು, ಇಲ್ಲಿ ಜಾಫ್ನಾದ ಅಂಗಡಿಯವರಲ್ಲಿ ಹರುಕುಮುರುಕು ತಮಿಳಿನಲ್ಲಿ ಕರಿಬೇವು ಕೇಳುತ್ತೇನೆ. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಅವರೆಕಾಳು ಬೇಕಾದವರು ಗುಜರಾತಿಗಳ ಫ್ರೀಜರಿನಲ್ಲಿ ‘ಪಾಪ್ಡಿ ಲಿಲ್ವಾ’ ಎಂಬ ಚೀಲ ಹುಡುಕಬೇಕು ಎಂಬ ಗುಟ್ಟನ್ನು ಹೇಳಿಕೊಟ್ಟವರೂ ಹುಬ್ಬಳ್ಳಿಯವರೇ. ಸೊಗಡು ಕೇಳಬಾರದು, ಹುಳಿ ಮಾತ್ರ ಆಗುತ್ತದೆ.

ಮನೆಯೊಳಗೆ ಕಾಲಿಟ್ಟ ಮೇಲೆ ತಿಳಿಯಿತು, ಈ ದೇಶದವರಿಗೂ ನೀರಿಗೂ ಏನೋ ಹಳೆಯ ಮನಸ್ತಾಪವಿದೆ. ನಮ್ಮಲ್ಲಿ ಬಚ್ಚಲುಮನೆಯೆಂದರೆ ಹಂಡೆ ತುಂಬ ಬಿಸಿನೀರು, ದೊಡ್ಡ ಚೊಂಬು, ಒಲೆಯಲ್ಲಿ ಅಡಿಕೆ ಸಿಪ್ಪೆಯ ಬೆಂಕಿ. ಸುರಿದುಕೊಂಡ ನೀರು ನೇರ ಬಾಳೆಯ ಬುಡಕ್ಕೆ. ಇಲ್ಲಿಯ ಬಾತ್‌ರೂಮಿನ ನೆಲದಲ್ಲಿ ನೀರು ಹೋಗಲು ಕಿಂಡಿಯೇ ಇಲ್ಲ! ಮೀಯುವುದೇನಿದ್ದರೂ ತೊಟ್ಟಿಯೊಳಗೆ. ಹೊರಗೆ ಚೆಲ್ಲಿದ್ದು ಹಲಗೆಯ ಸಂದಿಯಲ್ಲಿ ಇಳಿದು ಕೆಳಗಿನ ಮನೆಗೆ ಹೋಗುತ್ತದೆ. ಹುಬ್ಬಳ್ಳಿಯವರು ಬಂದ ಹೊಸತರಲ್ಲಿ, ದೀಪಾವಳಿಯ ದಿನ, ಹಬ್ಬಕ್ಕೆ ತಕ್ಕಂತೆ ನೀರು ಹೊಯ್ದುಕೊಂಡರಂತೆ. ‘ನಾ ಎಣ್ಣಿ ಹಚ್ಚಿಕೊಂಡು ಜಳಕಾ ಮಾಡಿದ್ನಿರೀ, ಕೆಳಗಿನ ಮನಿ ಅಜ್ಜಿಗೂ ಪುಣ್ಯಾ ಬಂತು’ ಎಂದು ಈಗ ನಗುತ್ತಾರೆ. ಅಜ್ಜಿ ಆಗ ನಕ್ಕಿರಲಿಲ್ಲ.

ಅದೇ ಬಾತ್‌ರೂಮಿನಲ್ಲಿ ದೀಪ ಹಾಕಲು ಸ್ವಿಚ್ಚಿಲ್ಲ, ಒದ್ದೆ ಕೈಗೆ ಶಾಕ್ ಹೊಡೆದೀತೆಂದು ಸೂರಿನಿಂದ ದಾರ ಇಳಿಬಿಟ್ಟಿದ್ದಾರೆ. ದೇವಸ್ಥಾನದ ಗಂಟೆಯಂತೆ ಎಳೆದು ಒಳಗೆ ಹೋಗಬೇಕು. ಕೈತೊಳೆಯಲು ಎರಡು ನಲ್ಲಿ. ಎಡಗಡೆ ಕುದಿನೀರು, ಬಲಗಡೆ ಹಿಮ. ನಡುವೆ ಅಂಗೈ ಅಷ್ಟಗಲ ಜಾಗ, ಹದ ಎಂಬುದು ಅಲ್ಲೆಲ್ಲೋ ಗಾಳಿಯಲ್ಲಿದೆ. ಇದಕ್ಕೆ ಕಾರಣವಿದೆ. ಹಳೆಯ ಮನೆಗಳಲ್ಲಿ ಬಿಸಿನೀರು ಅಟ್ಟದ ಮೇಲಿನ ತೊಟ್ಟಿಯಿಂದ ಬರುತ್ತಿತ್ತು, ಅದು ಕುಡಿಯಲು ಯೋಗ್ಯವಲ್ಲ. ತಣ್ಣೀರು ನೇರ ಬೀದಿಯ ಕೊಳವೆಯಿಂದ, ಅದು ಶುದ್ಧ. ಒಂದನ್ನೊಂದು ಮುಟ್ಟಬಾರದೆಂದು ನಿಯಮ. ಕೇಳಿ ನನಗೆ ಅಜ್ಜಿಯ ಮಡಿನೀರಿನ ಕೊಡ ನೆನಪಾಗಿ, ಈ ಜನದ ಮೇಲೆ ಭಕ್ತಿ ಹುಟ್ಟಿತು. ಅಡುಗೆಮನೆಗೆ ಹೋದ ಮೇಲೆ ಅದು ಇಳಿಯಿತು. ಒಲೆಯ ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರ! ವಿಡಿಯೊ ಕರೆಯಲ್ಲಿ ಅಮ್ಮ ನೋಡಿ, ‘ಅನ್ನ ಬೇಯಿಸೋ ಜಾಗದಲ್ಲಿ ಚಡ್ಡಿ ತೊಳೀತಾರೇನೋ?’ ಎಂದಳು. ಎರಡಕ್ಕೂ ನೀರು ಬೇಕಲ್ಲ ಅಮ್ಮಾ ಎಂದು ಸಮಜಾಯಿಷಿ ಕೊಟ್ಟೆ. ಮರುದಿನದಿಂದ ಅವಳು ಅಡುಗೆಮನೆಯಲ್ಲಿ ನಿಂತು ಮಾತಾಡಲು ಬಿಟ್ಟಿಲ್ಲ.

ಬಾಡಿಗೆ ಮನೆಯ ಪ್ರತಿ ಅಂತಸ್ತಿಗೂ ಹೊಗೆ ಕಂಡರೆ ಕೂಗುವ ಯಂತ್ರ ಇರಲೇಬೇಕೆಂದು 2015ರಿಂದ ಇಲ್ಲಿ ಕಡ್ಡಾಯ. ನಮ್ಮ ಮನೆಯದು ಸಾಸಿವೆಯ ವಿಷಯದಲ್ಲಿ ಅತಿ ಸೂಕ್ಷ್ಮ. ಬ್ರೆಡ್ಡು ಕರಕಲಾದರೂ ಸುಮ್ಮನಿರುತ್ತದೆ, ಒಗ್ಗರಣೆಗೆ ಇಂಗು ಬಿದ್ದರೆ ಬೀದಿಗೆಲ್ಲ ಸಾರುತ್ತದೆ.

ಮೊದಲ ಚಳಿಗಾಲದ ಬಗ್ಗೆ ಎಲ್ಲರೂ ಹೆದರಿಸಿದ್ದರು. ಚಳಿಗೆ ಕೋಟು ಸಿಗುತ್ತದೆ. ಕತ್ತಲೆಗೆ ಏನು ಮಾಡುವುದು? ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ದೇವರಿಗೆ ದೀಪ ಹಚ್ಚುವ ಹೊತ್ತಿನಲ್ಲಿ ನಾನು ಆಫೀಸಿನಲ್ಲಿ ಊಟದ ತೂಕಡಿಕೆ ಮುಗಿಸಿರುತ್ತೇನೆ. ಜೂನ್ ಬಂತೆಂದರೆ ರಾತ್ರಿ ಒಂಬತ್ತು ದಾಟಿದರೂ ಬೆಳಕು. ಅದು ಸಾಲದೆಂದು ಮಾರ್ಚಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ, ಅಕ್ಟೋಬರಿನ ಕೊನೆಯ ಭಾನುವಾರ ಹಿಂದೆ. 1916ರಲ್ಲಿ, ಮೊದಲ ಮಹಾಯುದ್ಧದ ಕಾಲಕ್ಕೆ, ಶುರುವಾದ ಪದ್ಧತಿ. ಯುದ್ಧ ಮುಗಿದದ್ದನ್ನು ಗಡಿಯಾರಕ್ಕೆ ಯಾರೂ ಹೇಳಿಲ್ಲ. ಅಮ್ಮನಿಗೆ ವಿವರಿಸಿದೆ. ‘ಸರ್ಕಾರ ಹೇಳಿದ್ರೆ ಸೂರ್ಯ ಕೇಳ್ತಾನೇನೋ?’ ಎಂದಳು. ಕೇಳುವುದಿಲ್ಲ, ಆದರೆ ಟ್ರೈನು ಕೇಳುತ್ತದೆ.

ಒಂದು ಭಾನುವಾರ ಹುಬ್ಬಳ್ಳಿಯವರು ಥೇಮ್ಸ್ ದಂಡೆಗೆ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಕರೆದುಕೊಂಡು ಹೋದರು. ಅಲ್ಲಿ ಬಸವಣ್ಣನವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಗಾಳಿ ಕಿವಿ ಕತ್ತರಿಸುತ್ತಿತ್ತು. ಇಬ್ಬರೂ ಕೈಮುಗಿದೆವು. ‘ಈ ಊರಾಗ ಖಾಯಂ ವಿಳಾಸ ಇರೋ ಕನ್ನಡದವರು ಇವರೊಬ್ಬರೇ ನೋಡ್ರಿ. ಮನಿ ಮಾಲಕ ಬಂದು ಖಾಲಿ ಮಾಡ್ರಿ ಅನ್ನಂಗಿಲ್ಲ’ ಎಂದರು ಹುಬ್ಬಳ್ಳಿಯವರು.

ನನ್ನ ವಿಳಾಸ ಖಾಯಂ ಅಲ್ಲದಿದ್ದರೂ ಅಧಿಕೃತವಾದದ್ದು ಕೌನ್ಸಿಲ್ ಟ್ಯಾಕ್ಸಿನ ಬಿಲ್ಲು ಬಂದ ದಿನ. ಇದು ಊರಿನ ಮನೆಗಂದಾಯದಂಥದ್ದೇ, ಆದರೆ ಕಟ್ಟಬೇಕಾದವನು ಮಾಲೀಕನಲ್ಲ, ವಾಸಕ್ಕಿರುವವನು. ಲೆಕ್ಕ ಹಾಕುವ ಕ್ರಮ ಇನ್ನೂ ಚೆಂದ. ಈ ಮನೆ 1991ರ ಏಪ್ರಿಲ್ 1ರಂದು ಎಷ್ಟಕ್ಕೆ ಮಾರಾಟವಾಗುತ್ತಿತ್ತು ಎಂದು ನೋಡಿ ಎ ಯಿಂದ ಎಚ್ ವರೆಗೆ ಒಂದು ಅಕ್ಷರ ಕೊಡುತ್ತಾರೆ. ಹೋದ ವರ್ಷ ಕಟ್ಟಿದ ಮನೆಗೂ ಅದೇ ತಾರೀಖು. ಒಬ್ಬನೇ ಇದ್ದರೆ ಶೇಕಡಾ 25 ರಿಯಾಯಿತಿ. ವರ್ಷಗಳಿಂದ ಹೆಣ್ಣು ನೋಡುತ್ತಿರುವ ಅಮ್ಮನಿಗೆ ಈ ರಿಯಾಯಿತಿಯ ವಿಷಯ ನಾನು ಹೇಳಿಲ್ಲ, ನೀವೂ ಹೇಳಬೇಡಿ. ಬಿಲ್ಲಿನ ಮೇಲೆ ನನ್ನ ಹೆಸರು, ಅದರ ಕೆಳಗೆ ಮನೆ ನಂಬರು, ಬೀದಿ, ಪೋಸ್ಟ್‌ಕೋಡ್. ಬ್ಯಾಂಕು ಒಪ್ಪಿತು, ಲೈಬ್ರರಿ ಒಪ್ಪಿತು, ಹಿಂದೆ ಪಾಸ್‌ಪೋರ್ಟನ್ನು ತಿರುಗಿಸಿ ನೋಡಿ ವಾಪಸು ಕೊಟ್ಟಿದ್ದವರೆಲ್ಲ ಒಪ್ಪಿದರು. ತೆರಿಗೆಯ ಚೀಟಿಯನ್ನು ಇಷ್ಟು ಪ್ರೀತಿಯಿಂದ ಮಡಿಸಿಟ್ಟವನು ನಮ್ಮ ವಂಶದಲ್ಲಿ ಬೇರೆ ಇಲ್ಲ.

ಲಂಡನ್ನಿಗೆ ಹೊರಟವರಿದ್ದರೆ ಒಂದು ಮಾತು. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಹೊತ್ತು ತರಬೇಡಿ, ಎಲ್ಲ ಈಸ್ಟ್ ಹ್ಯಾಮಿನಲ್ಲಿ ಸಿಗುತ್ತದೆ. ಆ ಜಾಗದಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟು, ಸಂಬಳದ ಚೀಟಿ, ಹಿಂದಿನ ಮನೆ ಮಾಲೀಕರ ಪತ್ರ ತನ್ನಿ. ಮಾಲೀಕರು ನಿಮ್ಮ ತಂದೆಯೇ ಆಗಿದ್ದರೆ ಒಂದು ತಿಂಗಳ ಬಾಡಿಗೆ ಕೊಟ್ಟೇ ಬರೆಸಿಕೊಳ್ಳಿ.