ಕೈ ಒರೆಸಬಾರದ ಟವೆಲ್ಲು

ದೊಡ್ಡಬಳ್ಳಾಪುರದಲ್ಲಿ ಬೀದಿಗೊಂದು ಗಣಪತಿ ಗುಡಿ ಇದೆಯೋ ಇಲ್ಲವೋ, ಬೀದಿಗೊಬ್ಬ ಕ್ರೋಶಾ ಅಕ್ಕನಂತೂ ಇದ್ದೇ ಇದ್ದಾರೆ. ಹೆಸರು ಏನಾದರೂ ಇರಲಿ, "ಸೀರೆಗೆ ಕುಚ್ಚು ಹಾಕ್ತಾರಲ್ಲ, ಆ ಅಕ್ಕನ ಮನೆ ಎಲ್ಲಿ?" ಎಂದರೆ ಸಾಕು, ತೇರಿನ ಬೀದಿಯ ಹೂವಿನವಳು ಮಾಲೆಯಿಂದ ಕಣ್ಣೆತ್ತದೆ ಕೈ ತೋರಿಸುತ್ತಾಳೆ. ವಯಸ್ಸು ನಲವತ್ತೈದರ ಆಚೆ, ಅರವತ್ತರ ಈಚೆ. ಕನ್ನಡಕ ಮೂಗಿನ ತುದಿಯಲ್ಲಿ, ದಾರದುಂಡೆ ಮಡಿಲಲ್ಲಿ, ಕಡ್ಡಿ ಬಲಗೈಯಲ್ಲಿ. ಕಡ್ಡಿ ಕೈಯಲ್ಲಿ ಇಲ್ಲದಿದ್ದರೆ ತುರುಬಿನಲ್ಲಿ ಇರುತ್ತದೆ. ಅದನ್ನು ಅಲ್ಲೇ ಇಟ್ಟುಕೊಂಡು ಮನೆಯೆಲ್ಲ ಹುಡುಕಿಸುವುದು ದಿನಕ್ಕೊಂದು ಬಾರಿ ನಡೆಯುವ ಕಾರ್ಯಕ್ರಮ.

ಅಕ್ಕನ ಮನೆಯಲ್ಲಿ ಬರಿಮೈಯಲ್ಲಿರುವ ವಸ್ತು ಸಿಗುವುದಿಲ್ಲ. ಮಿಕ್ಸಿಗೆ ಅಂಗಿ, ನೀರಿನ ಫಿಲ್ಟರಿಗೆ ಲಂಗ, ಫ್ರಿಜ್ಜಿನ ಹಿಡಿಗೆ ತೋಳು, ರಿಮೋಟಿಗೆ ಚೀಲ, ತಾಮ್ರದ ಬಿಂದಿಗೆಗೆ ಮಣಿ ಪೋಣಿಸಿದ ಮುಚ್ಚಳ. ಟಿವಿ ತೆಳ್ಳಗಾದದ್ದು ಅಕ್ಕನ ಪಾಲಿಗೆ ಕಂಪನಿಯವರು ಮಾಡಿದ ದೊಡ್ಡ ಅನ್ಯಾಯ. ಹಳೆಯ ಡಬ್ಬ ಟಿವಿಯ ನೆತ್ತಿಯ ಮೇಲೆ ಗುಂಡನೆಯ ಕ್ರೋಶಾ ಬಟ್ಟೆ, ಅದರ ಮೇಲೆ ಹೂದಾನಿ, ಹೂದಾನಿಯಲ್ಲಿ ಕ್ರೋಶಾ ಗುಲಾಬಿ ಇಡಬಹುದಿತ್ತು. ಈಗಿನ ಟಿವಿಯ ತಲೆಯ ಮೇಲೆ ಒಂದು ಹಲ್ಲಿಯೂ ನೆಟ್ಟಗೆ ಕೂರಲಾರದು. ಮನೆಯಲ್ಲಿ ಹೊದಿಕೆಯಿಲ್ಲದೆ ಉಳಿದದ್ದು ಯಜಮಾನರ ಬಕ್ಕತಲೆ ಒಂದೇ. ಮಾರ್ಗಶಿರದ ಚಳಿ ಬಂತೆಂದರೆ ಅದಕ್ಕೂ ಟೋಪಿ ತಯಾರು.

ಯಜಮಾನರು ನೇಕಾರರು. ಮನೆಯ ಹಿಂಭಾಗದಲ್ಲಿ ನಾಲ್ಕು ವಿದ್ಯುತ್ ಮಗ್ಗ, ಮೇಲೆ ಜಕಾರ್ಡ್. ಲಾಳಿಯ ಏಟಿಗೆ ಗೋಡೆಯ ಮೇಲಿನ ಕ್ಯಾಲೆಂಡರಿನ ದೇವರು ಹಗಲೆಲ್ಲ ಅಲುಗಾಡುತ್ತಿರುತ್ತಾರೆ. ಆ ಸದ್ದಿನಲ್ಲಿ ಗಂಡ ಹೆಂಡತಿ ಮೂವತ್ತು ವರ್ಷ ಕಿರುಚಿ ಕಿರುಚಿಯೇ ಪ್ರೀತಿಯ ಮಾತಾಡಿದ್ದಾರೆ. ಕರೆಂಟ್ ಹೋಯಿತೆಂದರೆ ನಾಲ್ಕೂ ಮಗ್ಗ ಒಮ್ಮೆಲೇ ಬಾಯಿ ಮುಚ್ಚುತ್ತವೆ. ಯಜಮಾನರು ಜಗಲಿಗೆ ಬಂದು ಆಕಾಶ ನೋಡುತ್ತಾ ಕೂರುತ್ತಾರೆ. ಪಕ್ಕದಲ್ಲೇ ಅಕ್ಕನ ಕಡ್ಡಿ ಮಾತ್ರ ನಿಲ್ಲದೆ ಓಡುತ್ತಿರುತ್ತದೆ.

"ನಿನ್ನ ಕಾರ್ಖಾನೆಗೆ ಬೆಸ್ಕಾಂ ಬಿಲ್ಲೇ ಇಲ್ಲ ನೋಡು" ಎನ್ನುತ್ತಾರೆ ಯಜಮಾನರು.

"ನಿಮ್ಮ ಕಾರ್ಖಾನೆ ಥರ ಸಾಲಾನೂ ಇಲ್ಲ" ಎನ್ನುತ್ತಾರೆ ಅಕ್ಕ, ಎಣಿಕೆ ತಪ್ಪದ ಹಾಗೆ.

ಅಕ್ಕನ ಕಾರ್ಖಾನೆಗೆ ವರಮಾನವೂ ಉಂಟು. ಮದುವೆ ಕಾಲ ಬಂತೆಂದರೆ ಸೀರೆಗಳ ಗಂಟು ಬಂದು ಬೀಳುತ್ತದೆ. ಸೆರಗಿನ ಅಂಚಿಗೆ ಮಣಿ ಕೂಡಿಸಿ ಕ್ರೋಶಾ ಕುಚ್ಚು ಹಾಕಿದರೆ, ಡಿಸೈನ್ ನೋಡಿಕೊಂಡು ಕೆಲವು ನೂರರಿಂದ ಸಾವಿರದ ಮೇಲೂ ಸಿಗುತ್ತದೆ. ಆ ದುಡ್ಡು ನೇರ ದಾರಕ್ಕೇ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲಂತೂ ಅಕ್ಕನಿಗೆ ಬೆಂಗಳೂರಿನ ಮಾಮೂಲ್‌ಪೇಟೆ ಪಕ್ಕದ ಬೀದಿಯಾಗಿಬಿಟ್ಟಿದೆ. ಒಂದೇ ಒಂದು ಉಂಡೆ ಪಾಚಿಹಸಿರು ದಾರ ತರಲು ಹೋದವರು ಎರಡು ಚೀಲ ತುಂಬಿಕೊಂಡು ಬರುತ್ತಾರೆ. ಪಾಚಿಹಸಿರು ಮಾತ್ರ ಸಿಕ್ಕಿರುವುದಿಲ್ಲ. ಹಾಗಾಗಿ ಮತ್ತೆ ಹೋಗಬೇಕು.

ಇಂಥ ಅಕ್ಕನ ಬಾಳಿಗೆ ಈಚೆಗೆ ಯೂಟ್ಯೂಬ್ ಮೂಲಕ ಬಂದದ್ದು ಅಡುಗೆಮನೆಯ ಟವೆಲ್ ತೂಗುಹಾಕುವ ಹೋಲ್ಡರ್. ಯಾವುದೋ ದೇಶದ ಹೆಂಗಸು, ಬೆಳ್ಳನೆಯ ಅಡುಗೆಮನೆ, ಮೈಯೆಲ್ಲ ಉಬ್ಬುಬ್ಬು ಹೆಣಿಗೆಯ ಒಂದು ಪಟ್ಟಿ. ಪಟ್ಟಿಯ ಕೆಳಗೊಂದು ಬಳೆ, ಬಳೆಯೊಳಗೆ ಇಳಿಬಿಟ್ಟ ಟವೆಲ್ಲು. ಆಕೆ ಅದನ್ನು ಓವನ್ ಬಾಗಿಲಿನ ಹಿಡಿಗೆ ಸುತ್ತಿ ಗುಂಡಿ ಹಾಕಿ ನಕ್ಕಳು. ಅಕ್ಕ ತಿರುಗಿ ತಮ್ಮ ಅಡುಗೆಮನೆ ನೋಡಿದರು. ಎರಡು ಒಲೆಯ ಸ್ಟೌವ್, ಕೆಳಗೆ ಸಿಲಿಂಡರು, ಮೂಲೆಯಲ್ಲಿ ರಾಗಿ ಡಬ್ಬ. ಓವನ್ನೂ ಇಲ್ಲ, ಅದಕ್ಕೊಂದು ಬಾಗಿಲೂ ಇಲ್ಲ. ಬೇರೆ ಯಾರಾದರೂ ಅಲ್ಲಿಗೇ ಕೈಬಿಡುತ್ತಿದ್ದರು. ಅಕ್ಕ ಮೊದಲು ಹೋಲ್ಡರ್ ಮುಗಿಸಿದರು, ಆಮೇಲೆ ಜಾಗ ಹುಡುಕಿದರು.

ಮೊದಲನೆಯದನ್ನು ಮಿರಮಿರ ಮಿಂಚುವ ಅಕ್ರಿಲಿಕ್ ಉಲ್ಲನ್‌ನಲ್ಲಿ ಹಾಕಿ ಒಲೆಯ ಪಕ್ಕದ ಮೊಳೆಗೆ ನೇತುಹಾಕಿದರು. ಚಪಾತಿಯ ಕಾವಲಿ ಒಮ್ಮೆ ಅದಕ್ಕೆ ಮುತ್ತಿಟ್ಟಿತು, ಅಷ್ಟೆ. ಮೂರು ಸಾಲು ಹೆಣಿಗೆ ಕರಗಿ ಗಟ್ಟಿಯಾಗಿ ಕಾವಲಿಯ ಅಂಚಿಗೇ ಅಂಟಿಕೊಂಡವು. ಅಕ್ರಿಲಿಕ್ ಎಂದರೆ ಒಂದು ಜಾತಿಯ ಪ್ಲಾಸ್ಟಿಕ್ಕೇ. ಬಿಸಿ ತಾಗಿದರೆ ಮೆತ್ತಗಾಗುತ್ತದೆ, ಬೆಂಕಿ ತಾಗಿದರೆ ಹತ್ತಿಕೊಳ್ಳುತ್ತದೆ. ನೀರನ್ನೂ ಅದು ಸರಿಯಾಗಿ ಹೀರುವುದಿಲ್ಲ. ಅಡುಗೆಮನೆಗೆ ಹತ್ತಿಯ ದಾರವೇ ಸರಿ. "ಕಾಟನ್ ಬಿಟ್ಟು ಇನ್ನೇನೂ ಅಡುಗೆಮನೆಗೆ ಸೇರಿಸಬಾರದು ಕಣ್ರಮ್ಮಾ" ಎಂದು ಅಕ್ಕ ಅಂದಿನಿಂದ ಬೀದಿಗೆಲ್ಲ ಉಪದೇಶ ಮಾಡುತ್ತಾರೆ, ಹುಟ್ಟಿನಿಂದಲೇ ತಿಳಿದಿದ್ದವರ ಹಾಗೆ.

ಎರಡನೆಯದು ಹತ್ತಿಯದು, ಮೂರೂವರೆ ಮಿಲಿಮೀಟರ್ ಕಡ್ಡಿಯಲ್ಲಿ ಹಾಕಿದ್ದು. ಅಕ್ಕ ಅದನ್ನು ಹಾಕುವುದನ್ನು ಪಕ್ಕದಲ್ಲಿ ಕೂತೇ ನೋಡಬೇಕು. ಬಳೆ ಅಂಗಡಿಯಿಂದ ತರುವುದಲ್ಲ, ಮಗಳು ಸ್ಕೂಲಿಗೆ ಹೋಗುವಾಗ ತೊಡುತ್ತಿದ್ದ ಪ್ಲಾಸ್ಟಿಕ್ ಬಳೆಯೇ ಆಗಬೇಕು. ಅದರ ಸುತ್ತ ದಾರ ಸುತ್ತಿ ಮುಚ್ಚಿ, ಅಲ್ಲಿಂದ ಪಟ್ಟಿ ಎಬ್ಬಿಸುತ್ತಾರೆ. ಉಬ್ಬು ಬೇಕಾದ ಕಡೆ ಒಂದೇ ತೂತಿನಲ್ಲಿ ಐದು ಕಂಬ ಹಾಕಿ, ಕಡ್ಡಿಯನ್ನು ಕುಣಿಕೆಯಿಂದ ಬಿಡಿಸಿ, ಮೊದಲ ಕಂಬದ ತಲೆಗೆ ಚುಚ್ಚಿ, ಬಿಟ್ಟ ಕುಣಿಕೆಯನ್ನು ಅದರೊಳಗಿಂದ ಎಳೆಯುತ್ತಾರೆ. ಐದು ಕಂಬವೂ ಒಟ್ಟಿಗೆ ಮುದುಡಿ ಪುಟಕ್ಕನೆ ಒಂದು ಗುಳ್ಳೆ ಎದ್ದು ನಿಲ್ಲುತ್ತದೆ. ಯೂಟ್ಯೂಬಿನವಳು ಅದನ್ನು ಪಾಪ್‌ಕಾರ್ನ್ ಎನ್ನುತ್ತಾಳೆ. ಅಕ್ಕ ದ್ರಾಕ್ಷಿ ಎನ್ನುತ್ತಾರೆ. ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವ ಸೀಮೆಯವರು ಇನ್ನೇನು ಅಂದಾರು? ನೇರಳೆ ಬಣ್ಣದ ದಾರದಲ್ಲಿ ಹಾಕಿದರೆ ಗೊಂಚಲೇ. ಮೇಲ್ತುದಿಗೆ ಸಣ್ಣಗಾಗುತ್ತಾ ಹೋಗುವ ಪಟ್ಟಿಗೆ ಯಜಮಾನರ ಹರಿದ ಅಂಗಿಯ ಗುಂಡಿ. ಅಂಗಿ ಇನ್ನೂ ಹರಿದಿರಲಿಲ್ಲ ಎಂದು ಯಜಮಾನರು ಹೇಳುತ್ತಾರೆ. ಅವರ ಮಾತು ಯಾರು ಕೇಳುತ್ತಾರೆ?

ಯಜಮಾನರಿಗೂ ಒಂದು ದಿನ ಪರೀಕ್ಷೆ ಬಂತು. ಆ ದ್ರಾಕ್ಷಿ ಪಟ್ಟಿಯನ್ನು ಅಂಗೈಯಲ್ಲಿಟ್ಟು, ಹಿಂದೆಮುಂದೆ ತಿರುಗಿಸಿ, ನೇಕಾರನ ಕಣ್ಣಿನಲ್ಲಿ ಹಾಸು ಯಾವುದು, ಹೊಕ್ಕು ಯಾವುದು ಎಂದು ಹುಡುಕಿದರು. ಎರಡೂ ಸಿಗಲಿಲ್ಲ. ಇಡೀ ಪಟ್ಟಿ ಒಂದೇ ಎಳೆ, ಕುಣಿಕೆಯೊಳಗೆ ಕುಣಿಕೆ. ನೂರಾರು ಎಳೆ ಎತ್ತಿ ಇಳಿಸುವ ಜಕಾರ್ಡ್ ಇಟ್ಟುಕೊಂಡವರು ಇದಕ್ಕೊಂದು ಮೆಷಿನ್ ಇರಲೇಬೇಕು ಎಂದು ಪೇಟೆಯಲ್ಲಿ ವಿಚಾರಿಸಿದರು. ಸ್ವೆಟರ್ ಹೆಣೆಯಲು ಮೆಷಿನ್ ಬಂದು ಎಷ್ಟೋ ಕಾಲವಾಗಿದೆ. ಕೈಕ್ರೋಶಾವನ್ನು ಇದ್ದ ಹಾಗೇ ಹಾಕುವ ಮೆಷಿನ್ ಮಾತ್ರ ಕಾರ್ಖಾನೆಗಳಿಗೆ ಬಂದಿಲ್ಲ. ಅಂಗಡಿಯಲ್ಲಿ ನಿಜವಾದ ಕ್ರೋಶಾ ಕಂಡರೆ ಅದರ ಹಿಂದೆ ಯಾರದೋ ಕೈ ಇದ್ದೇ ಇದೆ. ಆಂಧ್ರದ ನರಸಾಪುರದ ಸುತ್ತಮುತ್ತ ಮಿಷನರಿಗಳ ಕಾಲದಿಂದ ಹೆಂಗಸರು ಮನೆಯಲ್ಲೇ ಕೂತು ಹಾಕುವ ಕ್ರೋಶಾ ಲೇಸು ಹಡಗೇರಿ ಪರದೇಶಕ್ಕೆ ಹೋಗುತ್ತದೆ. ಅದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ಯಜಮಾನರು ಇದನ್ನೆಲ್ಲ ಕೇಳಿಕೊಂಡು ಬಂದು ಅಕ್ಕನಿಗೆ ಹೇಳಿದರು. ಅಕ್ಕ, "ಹಾಗಾದ್ರೆ ಇನ್ನೊಂದು ಗುಂಡಿ ಕೊಡಿ" ಎಂದರು.

ಹೋಲ್ಡರ್ ಕೊನೆಗೆ ನೆಲೆ ಕಂಡದ್ದು ಫ್ರಿಜ್ಜಿನ ಹಿಡಿಯಲ್ಲಿ. ಅದಕ್ಕೆ ಮೊದಲೇ ಕ್ರೋಶಾ ತೋಳು ಇತ್ತಲ್ಲ, ತೋಳಿನ ಮೇಲೆ ಪಟ್ಟಿ, ಪಟ್ಟಿಯಲ್ಲಿ ಬಳೆ, ಬಳೆಯಲ್ಲಿ ಟವೆಲ್ಲು, ಟವೆಲ್ಲಿನ ಅಂಚಿಗೂ ಕ್ರೋಶಾ. ಫ್ರಿಜ್ ತೆಗೆಯಬೇಕಾದವರು ಇಷ್ಟನ್ನೂ ಸರಿಸಿಕೊಂಡು ಹಿಡಿ ಹುಡುಕಬೇಕು.

ಇನ್ನು ಅಸಲು ವಿಷಯ. ನಮ್ಮ ಅಡುಗೆಮನೆಯಲ್ಲಿ ಬಟ್ಟೆಗಳಿಗೂ ಸೇವಾ ಹಿರಿತನ ಉಂಟು. ಯಜಮಾನರ ಪಂಚೆ ಹಳತಾದರೆ ಕೈ ಒರೆಸುವ ಬಟ್ಟೆ, ಅದು ಹಳತಾದರೆ ಕಟ್ಟೆ ಒರೆಸುವ ಬಟ್ಟೆ, ಅದೂ ಹಳತಾದರೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ. ಮಸಿಬಟ್ಟೆಯಾದ ಮೇಲೆ ಅದಕ್ಕೆ ನಿವೃತ್ತಿಯಿಲ್ಲ. ಈ ಶ್ರೇಣಿಯ ಮೇಲೆ ಹೊಸದಾಗಿ ಬಂದು ಕೂತಿರುವುದು ಹೋಲ್ಡರಿನ ಟವೆಲ್ಲು. ಅದಕ್ಕೆ ಯಾವ ಕೆಲಸವೂ ಇಲ್ಲ.

ಹೊಸದಾಗಿ ಬಂದ ಸೊಸೆಗೆ ಇದು ಗೊತ್ತಿರಲಿಲ್ಲ. ಯಲಹಂಕದ ಹುಡುಗಿ, ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲಸ. ಹಿಟ್ಟು ಕಲಸಿದ ಕೈ ತೊಳೆದು ನೇರ ಆ ಟವೆಲ್ಲಿಗೇ ಕೈ ಚಾಚಿದಳು.

"ಅಯ್ಯೋ, ಅದರಲ್ಲಿ ಬೇಡ ಕಣಮ್ಮಾ!"

"ಕೈ ಒರೆಸೋ ಟವೆಲ್ ಅಲ್ವಾ ಅತ್ತೆ?"

"ಹೂಂ, ಕೈ ಒರೆಸೋದೇ. ಒರೆಸಿದ್ರೆ ಕೊಳೆ ಆಗಲ್ವಾ? ಅಲ್ಲಿ ಮೊಳೇಲಿ ನಿಮ್ಮ ಮಾವನ ಬನಿಯನ್ ಇದೆ ನೋಡು, ಅದರಲ್ಲಿ ಒರೆಸ್ಕೊ."

ಸೊಸೆ ಒಂದು ಗಳಿಗೆ ಬನಿಯನ್ ನೋಡಿದಳು, ಒಂದು ಗಳಿಗೆ ದ್ರಾಕ್ಷಿ ನೋಡಿದಳು, ಕೊನೆಗೆ ತನ್ನ ಚೂಡಿದಾರಕ್ಕೇ ಕೈ ಒರೆಸಿಕೊಂಡಳು. ಜಾಣೆ. ಮನೆಯಲ್ಲಿ ಬಾಳಿ ಬದುಕುತ್ತಾಳೆ.

ಈಗ ಬೀದಿಯಲ್ಲಿ ಗೃಹಪ್ರವೇಶವಾದರೆ ಅಕ್ಕನ ಉಡುಗೊರೆ ಹೋಲ್ಡರ್ರೇ. ಗೌರಿ ಹಬ್ಬದ ಬಾಗಿನದ ಮೊರದಲ್ಲೂ ಒಂದು ಇಣುಕುತ್ತದೆ. ತಗೊಂಡವರೆಲ್ಲ "ಎಷ್ಟು ಚೆನ್ನಾಗಿದೆ ಅಕ್ಕಾ!" ಎನ್ನುತ್ತಾರೆ. ಅದರ ಬೆನ್ನಿಗೇ "ಆನ್‌ಲೈನಲ್ಲಿ ಇಂಥದು ಕಡಿಮೆಗೆ ಸಿಗುತ್ತಂತೆ" ಎಂದೂ ಸೇರಿಸುತ್ತಾರೆ. ಕುಚ್ಚಿಗೆ ರೇಟು ಹೇಳಬಲ್ಲ ಅಕ್ಕನಿಗೆ ಇದಕ್ಕೆ ರೇಟು ಹೇಳಲು ಬಾಯಿ ಬರುವುದಿಲ್ಲ. ದಾರದ ದುಡ್ಡು ಹಿಡಿದರೆ ಅಗ್ಗ, ಸಂಜೆಗಳ ಕೂಲಿ ಹಿಡಿದರೆ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ನಕ್ಕು ಸುಮ್ಮನಾಗುತ್ತಾರೆ. ಕಡ್ಡಿ ಮಾತ್ರ ಒಂದು ಸಾಲು ಬಿಗಿಯಾಗಿ ಬೀಳುತ್ತದೆ.

ನಿಮ್ಮ ಬೀದಿಯಲ್ಲೂ ಇಂಥ ಅಕ್ಕ ಒಬ್ಬರಿದ್ದಾರೆ, ಇವತ್ತಲ್ಲ ನಾಳೆ ನಿಮ್ಮ ಮನೆಗೂ ಒಂದು ಹೋಲ್ಡರ್ ಬರುತ್ತದೆ. ಎಷ್ಟಾಯಿತು ಎಂದು ಕೇಳಬೇಡಿ, ಎಷ್ಟು ದಿನ ಹಿಡಿಯಿತು ಎಂದು ಕೇಳಿ. ಅಡುಗೆಮನೆಯಲ್ಲೇ ತೂಗುಹಾಕಿ, ಒಲೆಯಿಂದ ಒಂದು ಮಾರು ದೂರದಲ್ಲಿ. ಅಕ್ಕ ಬಂದಾಗ ಮಾತ್ರ ಕೈ ಒರೆಸಬೇಡಿ. ಅವರು ಅತ್ತ ಹೋದ ಮೇಲೆ ಧಾರಾಳವಾಗಿ ಒರೆಸಿಕೊಳ್ಳಿ, ಅದು ಹತ್ತಿಯ ದಾರ, ಒಗೆದರೆ ಹೋಗುತ್ತದೆ.